ಸಿಡಿಲು, ಮಳೆ, ವಾಕಿಟಾಕಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಗಾಳಿಮಳೆಯ ಹೊತ್ತಿನಲ್ಲಿ ವೈರ್‌ಲೆಸ್ ಬಳಸುವ ಬಗ್ಗೆ ಕೇಳಿದವನ್ನೆಲ್ಲ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದವರಲ್ಲಿ ಮೋಡದ ಬೆನ್ನು ಹತ್ತಿ ಕ್ಯಾಮೆರಾ ಹಿಡಿದು ಹೋಗುವವರಿದ್ದಾರೆ, ಮನೆಯಲ್ಲಿ ಕೂತು ಅವರಿಗೆ ದಾರಿ ಹೇಳುವವರಿದ್ದಾರೆ, ಸಮುದ್ರಕ್ಕೆ ಹೋಗುವವರ ಮನೆಯವರೂ ಇದ್ದಾರೆ.

ಪ್ರಶ್ನೆ: ಏಪ್ರಿಲ್–ಮೇ ತಿಂಗಳಲ್ಲಿ ನಾವು ಗೆಳೆಯರು ಎರಡು ಕಾರು ಮಾಡಿಕೊಂಡು ಗುಡುಗು ಮೋಡಗಳ ಫೋಟೊ ತೆಗೆಯಲು ಸಾಸವಡ, ಭೋರ್ ಕಡೆ ಹೋಗುತ್ತೇವೆ. ಕಾರಿನಿಂದ ಕಾರಿಗೆ ಮಾತಾಡಲು ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ವಾಕಿಟಾಕಿ ಸಾಕೆ? ಅಮೆರಿಕದ ವಿಡಿಯೊಗಳಲ್ಲಿ 146.550 ಎಂದು ಹೇಳುತ್ತಾರೆ, ಅದನ್ನೇ ಹಾಕಿಕೊಳ್ಳಬಹುದೆ? (ಕೋಥರೂಡ್, ಪುಣೆ)

146.550 ಹಾಕಿಕೊಳ್ಳಬೇಡಿ. ಅಮೆರಿಕದಲ್ಲಿ ಹ್ಯಾಮ್‌ಗಳ (ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವರ) 2 ಮೀಟರ್ ಬ್ಯಾಂಡ್ 144ರಿಂದ 148 ಮೆಗಾಹರ್ಟ್ಸ್‌ವರೆಗೆ ಇದೆ. ನಮ್ಮಲ್ಲಿ ಅದು 144ರಿಂದ 146ಕ್ಕೇ ಮುಗಿಯುತ್ತದೆ. ಅಲ್ಲಿನ ಬಿರುಗಾಳಿ ಬೆನ್ನಟ್ಟುವವರು ಬಳಸುವ ಫ್ರೀಕ್ವೆನ್ಸಿ ಇಲ್ಲಿ ಲೈಸೆನ್ಸ್ ಇರುವ ಹ್ಯಾಮ್‌ಗೂ ಸೇರಿದ್ದಲ್ಲ. ಅಗ್ಗದ ಚೀನಾ ಸೆಟ್ಟು 136ರಿಂದ 174ರವರೆಗೆ ಎಲ್ಲಿ ಬೇಕಾದರೂ ಮಾತಾಡುತ್ತದೆ, ತೊಂದರೆ ಇರುವುದೇ ಅಲ್ಲಿ. ಆ ಹರವಿನೊಳಗೆ ಹಡಗುಗಳ ಚಾನೆಲ್‌ಗಳೂ ಸರ್ಕಾರಿ ಇಲಾಖೆಗಳ ಚಾನೆಲ್‌ಗಳೂ ಬರುತ್ತವೆ. ಕೆಲವು ಸೆಟ್‌ಗಳಲ್ಲಿರುವ ‘ವೆದರ್’ ಗುಂಡಿಯೂ ಇಲ್ಲಿ ವ್ಯರ್ಥ. 162.400ರಿಂದ 162.550ರವರೆಗೆ ಹವಾಮಾನ ಪ್ರಸಾರ ಮಾಡುವ ಕೇಂದ್ರಗಳು ಅಮೆರಿಕದವು.

ಲೈಸೆನ್ಸ್ ಬೇಡವೆನ್ನುವವರಿಗೆ 446.0–446.2 ಮೆಗಾಹರ್ಟ್ಸ್‌ನ ಸಣ್ಣ ಸೆಟ್ ಇದೆ. ಕೊಳ್ಳುವಾಗ ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗವಾದ ಡಬ್ಲ್ಯುಪಿಸಿ ಕೊಡುವ ಇಟಿಎ (ಸೆಟ್ಟಿಗೆ ಸಿಕ್ಕ ಮಂಜೂರಾತಿ) ಪ್ರಮಾಣಪತ್ರ ಇದೆಯೇ ಎಂದು ನೋಡಿ. ಅದಿಲ್ಲದ ವಾಕಿಟಾಕಿಗಳನ್ನು ಆನ್‌ಲೈನ್‌ನಲ್ಲಿ ಮಾರಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಇವು ಅರ್ಧ ವ್ಯಾಟ್ ಆಸುಪಾಸಿನ ಸೆಟ್‌ಗಳು. ಡಬ್ಬದ ಮೇಲೆ ‘10 ಕಿ.ಮೀ.’ ಎಂದು ಬರೆದಿದ್ದರೂ ಕಾರಿನೊಳಗಿಂದ ಕಾರಿನೊಳಕ್ಕೆ ಒಂದು ಕಿಲೋಮೀಟರ್ ಸಿಕ್ಕರೆ ದೊಡ್ಡದು. ಒಂದರ ಹಿಂದೆ ಒಂದು ಹೋಗುವ ಎರಡು ಕಾರಿಗೆ ಅಷ್ಟು ಸಾಕು.

ಕಾರುಗಳು ಬೇರೆ ಬೇರೆ ದಿಕ್ಕಿಗೆ ಹೋಗುವುದಿದ್ದರೆ ಹ್ಯಾಮ್ ಲೈಸೆನ್ಸ್ ತೆಗೆದುಕೊಳ್ಳಿ. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು. ರೆಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಬೇಕಿಲ್ಲ, ಕರೆಹೆಸರು ವಿಯು3ರಿಂದ ಶುರುವಾಗುತ್ತದೆ. ಜನರಲ್ ಗ್ರೇಡಿನದು ವಿಯು2. ಕಾರಿನಲ್ಲಿ ಸೆಟ್ ಒಯ್ದು ಬಳಸಲು ನಿಮ್ಮ ಪರವಾನಗಿಯಲ್ಲಿ ಅವಕಾಶ ಇದೆಯೇ ಎಂಬುದನ್ನು ಹೊರಡುವ ಮುಂಚೆಯೇ ಓದಿಕೊಳ್ಳಿ, ನಾಕಾಬಂದಿಯಲ್ಲಿ ನಿಂತು ಓದುವುದು ಬೇಡ. ಪರವಾನಗಿಯ ಪ್ರತಿ ಡ್ಯಾಶ್‌ಬೋರ್ಡಿನಲ್ಲಿರಲಿ.

ಪ್ರಶ್ನೆ: ಮಳೆ ಜೋರಾದ ಕೂಡಲೆ ನಮ್ಮ ಸೆಟ್‌ನ ದೂರ ಅರ್ಧಕ್ಕಿಳಿಯುತ್ತದೆ. ಮಳೆಹನಿಗಳು ಸಿಗ್ನಲನ್ನು ಹೀರಿಕೊಳ್ಳುತ್ತವೆಯೆ? (ಮುಲುಂಡ್)

145 ಮೆಗಾಹರ್ಟ್ಸ್‌ನಲ್ಲಿ ಇಲ್ಲ. ಆ ಅಲೆಯ ಉದ್ದ ಎರಡು ಮೀಟರ್, ಮಳೆಹನಿ ಕೆಲವೇ ಮಿಲಿಮೀಟರ್. ಮಳೆ ಸಿಗ್ನಲನ್ನು ತಿನ್ನುವುದು ಸುಮಾರು 10 ಗಿಗಾಹರ್ಟ್ಸ್ ದಾಟಿದ ಮೇಲೆ. ಮನೆಯ ಡಿಶ್ ಟಿವಿ ಜಡಿಮಳೆಯಲ್ಲಿ ಹೋಗುವುದು ಅದಕ್ಕೇ. ನಿಮ್ಮ ಸೆಟ್ ಸೋಲುತ್ತಿರುವುದು ಮಳೆಗಲ್ಲ, ನೀರಿಗೆ.

ಮೊದಲು ನೋಡಬೇಕಾದ್ದು ಆಂಟೆನಾ ತುದಿಯ ಕನೆಕ್ಟರ್. ಅಲ್ಲಿ ಹಾಕುವ ಪಿಎಲ್-259 ಎಂಬ ಕನೆಕ್ಟರ್ ನೀರು ತಡೆಯುವಂತೆ ಮಾಡಿದ್ದಲ್ಲ. ಅದರೊಳಗಿಂದ ನುಗ್ಗಿದ ನೀರು ಕೇಬಲ್ಲಿನ ತಾಮ್ರದ ಹೆಣಿಗೆಯ ಗುಂಟ ಮೀಟರುಗಟ್ಟಲೆ ಇಳಿಯುತ್ತದೆ. ಹೆಣಿಗೆ ಮೊದಲು ಮಂಕಾಗಿ ಆಮೇಲೆ ಕಪ್ಪಾಗುತ್ತದೆ. ಕೇಬಲ್ಲಿನ ತುದಿಯ ಹೊರಸಿಪ್ಪೆ ಎರಡು ಇಂಚು ಸುಲಿದು ನೋಡಿ. ತಾಮ್ರ ಹೊಳೆಯುತ್ತಿದ್ದರೆ ಸರಿ. ಕಪ್ಪಾಗಿದ್ದರೆ ಹೊಳೆಯುವ ಜಾಗ ಸಿಗುವವರೆಗೆ ಕತ್ತರಿಸುತ್ತ ಹೋಗಿ. ಎರಡು ಮೀಟರ್ ಕತ್ತರಿಸಿದರೂ ಸಿಗದಿದ್ದರೆ ಇಡೀ ಕೇಬಲ್ ಬದಲಾಯಿಸಿ. ಒಣಗಿಸಿ ಸರಿಮಾಡುವ ಯತ್ನ ವ್ಯರ್ಥ, ಬೇಸಿಗೆಯಲ್ಲಿ ಚೆನ್ನಾಗಿದ್ದು ಜೂನ್‌ನಲ್ಲಿ ಮತ್ತೆ ಕೈಕೊಡುತ್ತದೆ.

ಹೊಸ ಕನೆಕ್ಟರಿಗೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ (ಸುತ್ತಿದ ಪದರಗಳು ತಾವೇ ಬೆಸೆದು ಒಂದಾಗುವ ಟೇಪ್) ಸುತ್ತಿ. ಟೇಪನ್ನು ಎಳೆದು ಅಗಲ ಮುಕ್ಕಾಲಿಗೆ ಇಳಿಯುವಷ್ಟು ಬಿಗಿಮಾಡಿ, ಕೆಳಗಿನಿಂದ ಮೇಲಕ್ಕೆ, ಅರ್ಧದ ಮೇಲೆ ಅರ್ಧ ಬರುವಂತೆ. ಕೆಳಗಿನಿಂದ ಶುರುಮಾಡಿದರೆ ಪದರಗಳು ಮನೆಯ ಹಂಚಿನ ಹಾಗೆ ನೀರನ್ನು ಹೊರಕ್ಕೆ ಹರಿಸುತ್ತವೆ. ಅದರ ಮೇಲೆ ಸಾಮಾನ್ಯ ಇನ್ಸುಲೇಶನ್ ಟೇಪ್ ಒಂದು ಸುತ್ತು, ಬಿಸಿಲಿನಿಂದ ಕಾಯಲು. ಬರೀ ಇನ್ಸುಲೇಶನ್ ಟೇಪ್ ಒಂದು ಮಳೆಗಾಲವೂ ಬಾಳುವುದಿಲ್ಲ. ಕೇಬಲ್ ಕಿಟಕಿಯೊಳಗೆ ಬರುವ ಮುನ್ನ ಒಂದು ಗೇಣು ಜೋತುಬಿಡಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಇನ್ನೊಂದು ಕಾರಣ ಕೇಬಲ್ಲೇ ಆಗಿರಬಹುದು. ತೆಳ್ಳನೆಯ ಆರ್‌ಜಿ-58ರಲ್ಲಿ 145 ಮೆಗಾಹರ್ಟ್ಸ್‌ಗೆ 10 ಮೀಟರಿಗೆ ಸುಮಾರು 2 ಡೆಸಿಬೆಲ್ ಸೋರಿಕೆ, ಅಂದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಶಕ್ತಿ ದಾರಿಯಲ್ಲೇ ಖಾಲಿ. ಕಾರಿನ 4–5 ಮೀಟರಿಗೆ ಅದು ನಡೆಯುತ್ತದೆ. ಟೆರೇಸಿನಿಂದ ಎರಡನೇ ಮಹಡಿಗೆ ಇಳಿಸುವುದಿದ್ದರೆ ದಪ್ಪನೆಯ ಆರ್‌ಜಿ-213 ಹಾಕಿ. ಮರಗಳ ಒದ್ದೆ ಎಲೆಗಳೂ ಒಂದಿಷ್ಟು ತಿನ್ನುತ್ತವೆ, ಆದರೆ ಅದು 430ರ ಮೇಲೆ ಹೆಚ್ಚು, 145ರಲ್ಲಿ ಕಡಿಮೆ.

ಪ್ರಶ್ನೆ: ಕಾರಿಗೆ ಎಂಥ ಆಂಟೆನಾ? 50 ವ್ಯಾಟಿನ ಸೆಟ್ ಕೊಂಡರೆ ತಾಮ್ಹಿಣಿ ಘಾಟಿನಲ್ಲೂ ಮಾತಾಡಬಹುದೆ? ಸಿಡಿಲು ಬಡಿದರೆ ಗತಿ? (ಪಿಂಪ್ರಿ)

ದುಡ್ಡನ್ನು ವ್ಯಾಟಿಗೆ ಸುರಿಯಬೇಡಿ, ಆಂಟೆನಾಕ್ಕೆ ಕೊಡಿ. ಕೈಸೆಟ್ಟಿನ ಗಿಡ್ಡ ರಬ್ಬರ್ ಆಂಟೆನಾವನ್ನು ತಗಡಿನ ಕಾರಿನೊಳಗೆ ಬಳಸುವುದು ಎಂದರೆ ಕೈಯಾರೆ ಬಾಗಿಲು ಹಾಕಿಕೊಂಡು ಕೂಗುವುದು. ಅದೇ 5 ವ್ಯಾಟಿನ ಕೈಸೆಟ್ಟಿಗೆ ಛಾವಣಿಯ ಮಧ್ಯದಲ್ಲಿ ಅಯಸ್ಕಾಂತದ ಬುಡದ ಕಾಲಲೆ (ಅಲೆಯ ಉದ್ದದ ಕಾಲು ಭಾಗದಷ್ಟಿರುವ) ಆಂಟೆನಾ ಇಟ್ಟರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. 145 ಮೆಗಾಹರ್ಟ್ಸ್‌ಗೆ ಕಡ್ಡಿಯ ಉದ್ದ 49 ಸೆಂಟಿಮೀಟರ್. ಬಾನೆಟ್ ಅಂಚಿಗೋ ಡಿಕ್ಕಿಯ ಮೂಲೆಗೋ ಇಟ್ಟರೆ ಒಂದು ಕಡೆಗೆ ಚೆನ್ನಾಗಿ, ಇನ್ನೊಂದು ಕಡೆಗೆ ಕೆಟ್ಟದಾಗಿ ಹೋಗುತ್ತದೆ.

ಬಯಲಿನಲ್ಲಿ ಎಷ್ಟು ದೂರ ಎಂಬುದಕ್ಕೆ ಒಂದು ಲೆಕ್ಕವಿದೆ. ಎರಡೂ ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಒಂದೊಂದರ ವರ್ಗಮೂಲ ಕಂಡುಹಿಡಿಯಿರಿ, ಕೂಡಿಸಿ, 4.1ರಿಂದ ಗುಣಿಸಿ. ಕಿಲೋಮೀಟರ್ ಬರುತ್ತದೆ. ಎರಡು ಕಾರು, ಎರಡರ ಆಂಟೆನಾವೂ 2 ಮೀಟರ್ ಎತ್ತರ ಎಂದಿಟ್ಟುಕೊಂಡರೆ ಸುಮಾರು 11–12 ಕಿ.ಮೀ. ಅದರಾಚೆಗೆ 5 ವ್ಯಾಟನ್ನು 50 ಮಾಡಿದರೂ ಲಾಭ ಕಡಿಮೆ. ಎತ್ತರ 50 ಮೀಟರ್ ಆದರೆ ಮಾತ್ರ ಚಿತ್ರವೇ ಬೇರೆ.

ಹಾಗೆಂದು ಸಿಂಹಗಡದ ನೆತ್ತಿಗೋ ಘಾಟಿನ ವ್ಯೂ ಪಾಯಿಂಟಿಗೋ ಹೋಗಿ ನಿಲ್ಲಬೇಡಿ. ರೇಡಿಯೊಗೆ ಒಳ್ಳೆಯ ಜಾಗವೇ ಸಿಡಿಲಿಗೂ ಒಳ್ಳೆಯ ಜಾಗ, ಈ ಹವ್ಯಾಸದ ದೊಡ್ಡ ತೊಡಕು ಇದು. ಮೋಡದಿಂದ ದೂರವಿರುವ ಕಾರು ಎತ್ತರದಲ್ಲಿರಲಿ, ಮೋಡದ ಹತ್ತಿರ ಇರುವ ಕಾರು ತಗ್ಗಿನಲ್ಲಿರಲಿ. ಮೇಲಿನವರು ಕೆಳಗಿನವರ ಮಾತನ್ನು ಮನೆಗೆ ದಾಟಿಸಲಿ. ತಾಮ್ಹಿಣಿಯಂಥ ಕೊಳ್ಳದಲ್ಲಿ ಗುಡ್ಡದ ನೆರಳು ಬಿದ್ದ ಕಡೆ ಎಷ್ಟು ವ್ಯಾಟಿದ್ದರೂ ಮಾತು ಹೊರಬೀಳುವುದಿಲ್ಲ. ಅಲ್ಲಿಗೆ ಇಳಿಯುವ ಮೊದಲೇ ‘ಇನ್ನು ನಲವತ್ತು ನಿಮಿಷ ಸಿಗುವುದಿಲ್ಲ, ಐದೂವರೆಗೆ ಕರೆಯುತ್ತೇವೆ’ ಎಂದು ಹೇಳಿಬಿಡಿ. ಹೇಳದೆ ಇಳಿದರೆ ಮನೆಯವರು ಹುಡುಕಲು ಶುರುಮಾಡುತ್ತಾರೆ.

ಸಿಡಿಲಿನ ಮಾತು. ತಗಡಿನ ಛಾವಣಿ ಇರುವ ಕಾರು, ಗಾಜು ಏರಿಸಿಕೊಂಡು ಕೂತರೆ, ಒಳಗಿದ್ದವರನ್ನು ಕಾಯುತ್ತದೆ. ಕಾಯುವುದು ತಗಡು, ಟೈರಿನ ರಬ್ಬರ್ ಅಲ್ಲ. ಆದರೆ ಛಾವಣಿಯ ಆಂಟೆನಾದ ಕೇಬಲ್ ನೇರ ನಿಮ್ಮ ಕೈಯಲ್ಲಿರುವ ಮೈಕಿನವರೆಗೆ ಬಂದಿದೆ ಎಂಬುದನ್ನು ಮರೆಯಬೇಡಿ. ಮಿಂಚಿನಿಂದ ಗುಡುಗಿನವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಮಾತು ನಿಲ್ಲಿಸಿ, ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ, ತುದಿಯನ್ನು ಮೈಗೆ ತಾಗದಂತೆ ದೂರವಿಡಿ. ಅಷ್ಟು ಹೊತ್ತು ಸಣ್ಣ 446ರ ಸೆಟ್ಟಿನಲ್ಲೇ ಮಾತಾಡಿಕೊಳ್ಳಿ. ಅಯಸ್ಕಾಂತದ ಆಂಟೆನಾ ಕೀಳಲು ಹೊರಗಿಳಿಯಬೇಡಿ, ಹೊರಗೆ ನಿಂತ ನಿಮ್ಮನ್ನು ಕಾಯಲು ತಗಡು ಇಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯಲಿ. ನಿಲ್ಲುವಾಗ ಮರ, ವಿದ್ಯುತ್ ಕಂಬ, ಹೋರ್ಡಿಂಗ್ ಮೂರರಿಂದಲೂ ದೂರ. 2024ರ ಮೇ 13ರಂದು ಘಾಟ್ಕೋಪರದಲ್ಲಿ ಹೋರ್ಡಿಂಗ್ ಬಿದ್ದದ್ದು ಇಂಥದೇ ಮುಂಗಾರುಪೂರ್ವದ ಗಾಳಿಗೆ.

ಪ್ರಶ್ನೆ: ಮನೆಯಲ್ಲಿ ಕೂತು ರೇಡಾರ್ ನೋಡಿ ಮಗನಿಗೆ ದಾರಿ ಹೇಳುವುದು ನನ್ನ ಕೆಲಸ. ಆಂಟೆನಾ ನಮ್ಮ ಸೊಸೈಟಿಯ ಟೆರೇಸಿನಲ್ಲಿದೆ. ನಾನು ಏನೇನು ಗಮನಿಸಬೇಕು? (ಡೊಂಬಿವಲಿ)

ನಿಮ್ಮ ಕೆಲಸವೇ ಎಲ್ಲಕ್ಕಿಂತ ಮುಖ್ಯ ಅಮ್ಮ. ಘಾಟಿನಲ್ಲಿ ಮೊಬೈಲ್ ಡೇಟಾ ಹೋದ ಮೇಲೆ ಮೋಡದ ಹಿಂದೆ ಏನಿದೆ ಎಂದು ಕಾರಿನವರಿಗೆ ಕಾಣುವುದಿಲ್ಲ.

ಹವಾಮಾನ ಇಲಾಖೆಯ ತಾಣದಲ್ಲಿ ಕೊಲಾಬಾ ಮತ್ತು ವೆರಾವಳಿ ರೇಡಾರುಗಳ ಚಿತ್ರ ಸಿಗುತ್ತದೆ, ಗೋವಾದ ಕಡೆಗೆ ಪಣಜಿಯದು. ಚಿತ್ರ ನೋಡಿದ ಕೂಡಲೆ ಅದರ ಮೂಲೆಯಲ್ಲಿರುವ ಸಮಯ ಓದಿ. ಅದು ಯುಟಿಸಿಯಲ್ಲಿದ್ದರೆ (ಜಾಗತಿಕ ಪ್ರಮಾಣ ಸಮಯ) ಐದೂವರೆ ಗಂಟೆ ಕೂಡಿಸಿ. ಮಗನಿಗೆ ಹೇಳುವಾಗ ಮೊದಲು ಚಿತ್ರದ ಸಮಯ, ಆಮೇಲೆ ಚಿತ್ರದಲ್ಲಿ ಕಂಡದ್ದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಮೋಡ ಹದಿನೈದು ನಿಮಿಷದಲ್ಲಿ 10 ಕಿ.ಮೀ. ಸರಿದಿರುತ್ತದೆ. ಹಳೆಯ ಚಿತ್ರವನ್ನು ಈಗಿನದೆಂದು ಹೇಳಿದರೆ ಮಗ ಆಲಿಕಲ್ಲಿನ ಅಡಿಗೇ ಹೋಗಿ ನಿಲ್ಲುತ್ತಾನೆ. ಜೊತೆಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ‘ದಾಮಿನಿ’ ಆ್ಯಪ್ ತೆರೆದಿಟ್ಟುಕೊಳ್ಳಿ, ಸಿಡಿಲು ಎಲ್ಲಿ ಬೀಳುತ್ತಿದೆ ಎಂದು ತೋರಿಸುತ್ತದೆ.

ನೆಟ್ ಹೋದರೆ? ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿಡಿ. ದೂರದ ಮಿಂಚು ಕೂಡ ‘ಚಟ್’ ಎಂದು ಕೇಳುತ್ತದೆ. ಚಟಪಟ ದಟ್ಟವಾಗುತ್ತ ಬಂದರೆ ಮೋಡ ಹತ್ತಿರ ಬರುತ್ತಿದೆ ಅಥವಾ ಬಲಿಯುತ್ತಿದೆ. ಎಫ್‌ಎಂನಲ್ಲಿ ಇದು ಕೇಳದು, ಅದರ ರಿಸೀವರ್ ಇಂಥ ಸದ್ದನ್ನು ಕತ್ತರಿಸಿ ಹಾಕುತ್ತದೆ. ನಿಮ್ಮ 145ರ ಸೆಟ್ಟೂ ಎಫ್‌ಎಂ ಆದ್ದರಿಂದ ಗುಡುಗಿನ ನಡುವೆಯೂ ಮಾತು ಸ್ವಚ್ಛವಾಗಿರುತ್ತದೆ. ಸ್ವಚ್ಛವಾಗಿದೆ ಎಂದು ಸಿಡಿಲು ದೂರವಿದೆ ಎಂದುಕೊಳ್ಳಬೇಡಿ.

ಟೆರೇಸಿನ ಆಂಟೆನಾಕ್ಕೆ ದಪ್ಪ ಅರ್ಥಿಂಗ್ ಬೇಕು, ಕಟ್ಟಡದ ಸಿಡಿಲು ನಿರೋಧಕದ ಅರ್ಥಿಂಗಿಗೆ ಅದನ್ನು ಬಲ್ಲ ಎಲೆಕ್ಟ್ರಿಷಿಯನ್ನೇ ಜೋಡಿಸಲಿ. ಕೇಬಲ್ ಸಾಲಿನಲ್ಲಿ ಕೂರಿಸುವ ಅರೆಸ್ಟರ್ (ಸಿಡಿಲಿನ ವಿದ್ಯುತ್ತನ್ನು ಭೂಮಿಗೆ ತಿರುಗಿಸುವ ಸಾಧನ) ಒಳ್ಳೆಯದೇ. ಆದರೆ ನೇರ ಬಡಿತಕ್ಕೆ ಅದನ್ನು ನೆಚ್ಚಬೇಡಿ, ಹತ್ತಿರದಲ್ಲಿ ಬಿದ್ದ ಸಿಡಿಲಿನ ಉಬ್ಬರಕ್ಕೆ ಅದು. ಡೊಂಬಿವಲಿಯಲ್ಲೇ ಗುಡುಗು ಕೇಳಿದರೆ ಮಗನಿಗೆ ಒಂದು ಮಾತು ಹೇಳಿ ಕೇಬಲ್ ಬಿಚ್ಚಿ, ತುದಿಯನ್ನು ಕಿಟಕಿಯಾಚೆ ಬಿಡಿ. ಗುಡುಗು ಶುರುವಾದ ಮೇಲೆ ಟೆರೇಸಿಗೆ ಹತ್ತಬೇಡಿ.

ಪ್ರಶ್ನೆ: ರೇಡಿಯೊದಲ್ಲಿ ಏನು ಹೇಳಬೇಕು ಎಂಬುದಕ್ಕೆ ಪದ್ಧತಿ ಇದೆಯೆ? ನಮ್ಮ ಗುಂಪಿನಲ್ಲಿ ಎಲ್ಲರೂ ಒಟ್ಟಿಗೆ ‘ಭಯಂಕರ ಮಳೆ’ ಎಂದು ಕೂಗುತ್ತಾರೆ. (ವಾಶಿ)

ಇದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದಿತು, ಅದೇ ಊರಿನ ಕೊಲಾಬಾದಲ್ಲಿ 75 ಮಿ.ಮೀ. ಕೂಡ ಇರಲಿಲ್ಲ. ‘ಮುಂಬಯಿಯಲ್ಲಿ ಭಯಂಕರ ಮಳೆ’ ಎಂದರೆ ಕೇಳಿದವನಿಗೆ ಏನು ತಿಳಿಯಿತು? ಸಮಯ, ಜಾಗ, ಕಂಡದ್ದು, ಎಷ್ಟು ಹೊತ್ತಿನಿಂದ, ನೀವು ಏನು ಮಾಡುತ್ತಿದ್ದೀರಿ, ಇದೇ ಕ್ರಮದಲ್ಲಿ ಹೇಳಿ. ಹೀಗೆ:

‘ಬೇಸ್, ಕಾರ್ ಎರಡು. ಸಮಯ ನಾಲ್ಕು ಇಪ್ಪತ್ತು. ಸಾಸವಡದಿಂದ ಜೇಜುರಿ ರಸ್ತೆಯಲ್ಲಿ ಆರು ಕಿಲೋಮೀಟರ್. ಆಲಿಕಲ್ಲು, ದೊಡ್ಡದು ಎರಡು ಸೆಂಟಿಮೀಟರ್, ನಾಲ್ಕು ನಿಮಿಷದಿಂದ. ಗಾಳಿ ಪಶ್ಚಿಮದಿಂದ. ರಸ್ತೆಬದಿಗೆ ನಿಂತಿದ್ದೇವೆ. ಓವರ್.’

ಹ್ಯಾಮ್ ಬ್ಯಾಂಡಿನಲ್ಲಾದರೆ ‘ಕಾರ್ ಎರಡು’ ಬದಲು ನಿಮ್ಮ ಕರೆಹೆಸರು. ಗುಂಡಿ ಒತ್ತಿ ಒಂದು ಸೆಕೆಂಡ್ ತಡೆದು ಮಾತಾಡಿ, ಇಲ್ಲದಿದ್ದರೆ ಮೊದಲ ಪದ ಹಾರಿಹೋಗುತ್ತದೆ. ರಿಪೀಟರ್ (ಎತ್ತರದಲ್ಲಿದ್ದು ನಿಮ್ಮ ಮಾತನ್ನು ಹಿಡಿದು ಮತ್ತೆ ದೂರಕ್ಕೆ ಕಳಿಸುವ ಕೇಂದ್ರ) ಮೂಲಕ ಮಾತಾಡುವಾಗಂತೂ ಖಂಡಿತ. ಎಪ್ಪತ್ತು, ಎಂಬತ್ತು ಗಾಳಿಯ ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ, ‘ಏಳು ಸೊನ್ನೆ’, ‘ಎಂಟು ಸೊನ್ನೆ’ ಎನ್ನಿ. ಆಲಿಕಲ್ಲಿನ ಅಳತೆ ಅಂದಾಜಾಗದಿದ್ದರೆ ಹತ್ತು ರೂಪಾಯಿ ನಾಣ್ಯದ ಪಕ್ಕ ಹಿಡಿಯಿರಿ, ಅದು 27 ಮಿ.ಮೀ. ಇದೆ. ಗಾಳಿಯ ವೇಗವನ್ನು ಊಹಿಸಿ ಹೇಳುವುದಕ್ಕಿಂತ ‘ತೆಂಗಿನ ಗರಿ ಮುರಿಯಿತು’, ‘ತಗಡಿನ ಶೀಟು ಹಾರಿತು’ ಎಂದು ಕಂಡದ್ದನ್ನೇ ಹೇಳಿದರೆ ಹೆಚ್ಚು ನಂಬಿಕೆಯ ವರದಿ.

ಒಬ್ಬರು ಮುಖ್ಯಸ್ಥರಿರಲಿ, ಅವರು ಕರೆದವರು ಮಾತ್ರ ಮಾತಾಡಲಿ. ರಿಪೀಟರ್ ಸತ್ತರೆ ಯಾವ ನೇರ ಫ್ರೀಕ್ವೆನ್ಸಿಗೆ ಬರಬೇಕು ಎಂಬುದನ್ನು ಹೊರಡುವ ಮುಂಚೆ ಚೀಟಿಯಲ್ಲಿ ಬರೆದು ಎಲ್ಲ ಸೆಟ್ಟಿಗೂ ಅಂಟಿಸಿ. ಕರೆಂಟ್ ಹೋಗಿ ಬ್ಯಾಟರಿ ಖಾಲಿಯಾದರೆ ರಿಪೀಟರ್ ಸಾಯುತ್ತದೆ, ಅದು ಸಾಯುವುದು ಬೇಕೆಂದಾಗಲೇ. ಡ್ರೈವರ್ ಮೈಕ್ ಹಿಡಿಯಕೂಡದು. ಮನೆ ಮುಳುಗಿದ್ದು, ಮರ ಬಿದ್ದದ್ದು ಕಂಡರೆ ನಿಮ್ಮ ಗುಂಪಿಗೆ ಹೇಳಿ ಸುಮ್ಮನಾಗದೆ ಫೋನ್ ಸಿಗುವ ಯಾರಾದರೂ 112ಕ್ಕೆ, ಮುಂಬಯಿಯೊಳಗಾದರೆ ಪಾಲಿಕೆಯ 1916ಕ್ಕೆ ತಿಳಿಸಲಿ.

ಪ್ರಶ್ನೆ: ಪೊಲೀಸ್ ವೈರ್‌ಲೆಸ್ ಕೇಳುತ್ತಿದ್ದರೆ ಎಲ್ಲಿ ರಸ್ತೆ ಬಂದ್ ಎಂದು ತಿಳಿಯುವುದಿಲ್ಲವೆ? (ಠಾಣೆ)

ಬೇಡ. ಅದು ಕಾನೂನಿಗೆ ವಿರುದ್ಧ. ಟ್ರಾಫಿಕ್ ಪೊಲೀಸರೇ ರಸ್ತೆ ಬಂದ್ ಸುದ್ದಿಯನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕುತ್ತಾರೆ.

ಪ್ರಶ್ನೆ: ನನ್ನ ತಮ್ಮ ವಾಸ್ಕೊದಿಂದ ಮೀನಿನ ಬೋಟಿನಲ್ಲಿ ಹೋಗುತ್ತಾನೆ. ತೂಫಾನು ಬಂದರೆ ಹ್ಯಾಮ್ ಕೈಸೆಟ್ ಕೊಟ್ಟುಕಳಿಸಿದರೆ ಸಾಕೆ? (ಬೈನಾ, ವಾಸ್ಕೊ)

ಸಾಲದು, ಸರಿಯೂ ಅಲ್ಲ. ಸಮುದ್ರದಲ್ಲಿ ಕೇಳುವ ಕಿವಿಗಳೆಲ್ಲ ಹಡಗು–ಬೋಟುಗಳ ರೇಡಿಯೊ ಆದ ಮರೈನ್ ವಿಎಚ್‌ಎಫ್‌ನ ಚಾನೆಲ್ 16ರಲ್ಲಿವೆ, ಅಂದರೆ 156.800 ಮೆಗಾಹರ್ಟ್ಸ್. ಬೋಟಿಗೆ ಮರೈನ್ ಸೆಟ್ಟೇ ಬೇಕು. ಕೂರಿಸುವ ಸೆಟ್ಟು 25 ವ್ಯಾಟ್, ಅದನ್ನು 1 ವ್ಯಾಟಿಗೂ ಇಳಿಸಬಹುದು. ಹತ್ತಿರದ ಬೋಟಿನೊಂದಿಗೆ ಮಾತಾಡುವಾಗ 1 ವ್ಯಾಟೇ ಇರಲಿ, ಬ್ಯಾಟರಿ ಉಳಿಯುತ್ತದೆ, 16ನೇ ಚಾನೆಲನ್ನು ಹರಟೆಗೆ ಹಿಡಿಯಬೇಡಿ.

6 ಮೀಟರ್ ಕಂಬದ ಎರಡು ಬೋಟುಗಳ ನಡುವೆ ಸುಮಾರು 20 ಕಿ.ಮೀ. ನಡೆಯುತ್ತದೆ. ದಡದ ಆಂಟೆನಾ 100 ಮೀಟರ್ ಎತ್ತರದಲ್ಲಿದ್ದರೆ 50. ಅದರಾಚೆ ಇದ್ದಾಗ ನಡುವಿನ ಬೋಟು ‘ಮೇಡೇ ರಿಲೇ’ (ಮೇಡೇ ಎಂದರೆ ಜೀವಾಪಾಯದ ಕರೆ) ಎಂದು ಮಾತು ದಾಟಿಸಬೇಕು. ಆದ್ದರಿಂದ ತೂಫಾನಿನ ಮುನ್ಸೂಚನೆ ಇದ್ದ ದಿನ ಒಂಟಿಯಾಗಿ ದೂರ ಹೋಗದಿರುವುದು ರೇಡಿಯೊದ ಲೆಕ್ಕದಲ್ಲೂ ಸರಿ.

ಜೀವಕ್ಕೆ ಅಪಾಯವಾದರೆ: ಚಾನೆಲ್ 16, 25 ವ್ಯಾಟ್. ‘ಮೇಡೇ’ ಮೂರು ಸಲ, ಬೋಟಿನ ಹೆಸರು ಮೂರು ಸಲ, ಮತ್ತೆ ಒಂದು ಸಲ ಮೇಡೇ ಮತ್ತು ಹೆಸರು. ಆಮೇಲೆ ಜಿಪಿಎಸ್ ಅಂಕಿ, ಏನಾಗಿದೆ, ಎಷ್ಟು ಜನ, ಓವರ್. ಇಂಗ್ಲಿಷ್ ತಡವರಿಸಿದರೆ ಹಿಂದಿಯಲ್ಲಿ ಹೇಳಲಿ, ಆದರೆ ಅಂಕಿಗಳು ತಪ್ಪಬಾರದು. ಉತ್ತರ ಬರದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ. ಡಿಎಸ್‌ಸಿ (ಗುಂಡಿ ಒತ್ತಿ ಅಪಾಯದ ಸಂದೇಶ ಕಳಿಸುವ ಸೌಲಭ್ಯ) ಇರುವ ಸೆಟ್ಟಾದರೆ ಮುಚ್ಚಳದ ಕೆಳಗಿನ ಕೆಂಪು ಗುಂಡಿಯನ್ನು ಐದು ಸೆಕೆಂಡ್ ಒತ್ತಿಹಿಡಿಯಬೇಕು, ಅದು ಚಾನೆಲ್ 70ರಲ್ಲಿ ತಾನೇ ಕೂಗು ಹಾಕುತ್ತದೆ. ಆದರೆ ಬೋಟಿನ ಗುರುತಿನ ಸಂಖ್ಯೆಯಾದ ಎಂಎಂಎಸ್‌ಐ ನಂಬರ್ ಸೆಟ್ಟಿಗೆ ತುಂಬಿರಬೇಕು, ಜಿಪಿಎಸ್ ತಂತಿ ಜೋಡಿಸಿರಬೇಕು. ಜಿಪಿಎಸ್ ಜೋಡಿಸದಿದ್ದರೆ ಕೂಗು ಕೇಳಿದವರಿಗೆ ಬೋಟು ಎಲ್ಲಿದೆ ಎಂದು ತಿಳಿಯುವುದಿಲ್ಲ. ತಾಂಡೇಲನಿಗೆ (ಬೋಟಿನ ಮುಖ್ಯಸ್ಥ) ಹೇಳಿ ಬಂದರಿನಲ್ಲೇ ಪರದೆಯ ಮೇಲೆ ಸ್ಥಾನದ ಅಂಕಿ ಕಾಣುತ್ತದೆಯೇ ಎಂದು ನೋಡಿಸಿ. ದಡದಲ್ಲಿರುವ ನಿಮಗೆ ಕೋಸ್ಟ್ ಗಾರ್ಡಿನ ಉಚಿತ ನಂಬರ್ 1554.

ಸೆಟ್ಟಿನ ಬ್ಯಾಟರಿ ಎಂಜಿನ್ ಕೋಣೆಯ ತಳದಲ್ಲಿದ್ದರೆ ನೀರು ನುಗ್ಗಿದಾಗ ಮೊದಲು ಸಾಯುವುದೇ ರೇಡಿಯೊ. ಅದನ್ನು ಮೇಲಿನ ಕ್ಯಾಬಿನ್ನಿಗೆ ತನ್ನಿ.

ಪ್ರಶ್ನೆ: 7 ಆಂಪಿಯರ್-ಅವರ್ ಯುಪಿಎಸ್ ಬ್ಯಾಟರಿಯಲ್ಲಿ ಕಾರಿನಲ್ಲಿಡುವ ವೈರ್‌ಲೆಸ್ ಸೆಟ್ ಎಷ್ಟು ಹೊತ್ತು ನಡೆಯುತ್ತದೆ? ಕಾರಿನ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಆಗದೆ? (ಮಡಗಾಂವ್)

50 ವ್ಯಾಟಿನಲ್ಲಿ ಗುಂಡಿ ಒತ್ತಿದಾಗ ಸೆಟ್ 10–12 ಆಂಪಿಯರ್ ಎಳೆಯುತ್ತದೆ. ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10–15 ಆಂಪಿಯರ್, ತಂತಿ ತೆಳು. ವೋಲ್ಟೇಜ್ ಕುಸಿದು ಮಾತಾಡುವಾಗಲೇ ಸೆಟ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಬ್ಯಾಟರಿಯಿಂದಲೇ ದಪ್ಪ ತಂತಿ ಎಳೆದು, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಿ. ಸಾಕೆಟ್ಟಿನಲ್ಲಿ ಅಗ್ಗದ ಮೊಬೈಲ್ ಚಾರ್ಜರ್ ಇದ್ದರೆ ಅದನ್ನು ಕಿತ್ತು ನೋಡಿ, ಎಷ್ಟೋ ಸಲ ‘ಸಿಗ್ನಲ್ ಇಲ್ಲ’ ಎನ್ನುವ ದೂರಿಗೆ ಅದರ ಗದ್ದಲವೇ ಕಾರಣ.

ಇನ್ನು ಲೆಕ್ಕ. ಸುಮ್ಮನೆ ಕೇಳುವಾಗ 0.4 ಆಂಪಿಯರ್, 5 ವ್ಯಾಟಿನಲ್ಲಿ ಮಾತಾಡುವಾಗ 3 ಆಂಪಿಯರ್ ಎಂದಿಟ್ಟುಕೊಳ್ಳಿ. ಗಂಟೆಯಲ್ಲಿ ಆರು ನಿಮಿಷ ಮಾತಾಡಿದರೆ ಸರಾಸರಿ 0.66. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಹಾಗಾಗಿ 3.5 ಆಂಪಿಯರ್-ಅವರ್ ಮಾತ್ರ ನಿಮ್ಮದು: ಐದು ಗಂಟೆ. ಅದೇ 50 ವ್ಯಾಟಿನಲ್ಲಾದರೆ ಎರಡು ಗಂಟೆ ಹತ್ತಿರ ಹತ್ತಿರ, ಅದೂ ಬ್ಯಾಟರಿ ಹೊಸದಾಗಿದ್ದರೆ. ಕೈಸೆಟ್ಟಿಗೆ ಒಂದು ಹೆಚ್ಚುವರಿ ಬ್ಯಾಟರಿ ಜಿಪ್ ಚೀಲದಲ್ಲಿರಲಿ. ಒದ್ದೆಯಾದ ಸೆಟ್ಟನ್ನು ಚಾರ್ಜರಿಗೆ ಇಡುವ ಮುನ್ನ ಬ್ಯಾಟರಿ ಬಿಚ್ಚಿ, ಹಿತ್ತಾಳೆಯ ಸಂಪರ್ಕಗಳನ್ನು ಒಣಬಟ್ಟೆಯಲ್ಲಿ ಒರೆಸಿ. ಸ್ಪೀಕರಿನ ಜಾಲರಿಯಲ್ಲಿ ನೀರು ನಿಂತು ದನಿ ಮಂಕಾಗಿದ್ದರೆ ಸೆಟ್ಟನ್ನು ಮುಖ ಕೆಳಗೆ ಮಾಡಿ ಕೊಡವಿದರೆ ಸಾಕು.